ಬರೆಯದೇ ಬಿಟ್ಟ ನಿಯಮಗಳು: ಷಿ ಜಿನ್‌ಪಿಂಗ್ ಇಷ್ಟು ಬಲಶಾಲಿ ಆಗಿದ್ದು ಹೇಗೆ?

2018ರ ಮಾರ್ಚ್ 11ರಂದು ಬೀಜಿಂಗ್‌ನಲ್ಲಿ, ಚೀನಾದ ಸಂಸತ್ತು ಸೇರುವ ಜನತಾ ಮಹಾಭವನದಲ್ಲಿ ಒಂದು ಮತದಾನ ನಡೆಯಿತು. ದೇಶದ ಅಧ್ಯಕ್ಷರು ಸತತ ಎರಡು ಅವಧಿಗಿಂತ ಜಾಸ್ತಿ ಆ ಹುದ್ದೆಯಲ್ಲಿ ಇರಬಾರದು ಎಂದು ಚೀನಾದ ಸಂವಿಧಾನದಲ್ಲಿ ಒಂದು ಸಾಲು ಇತ್ತು. ಅಂದು ಒಪ್ಪಿಗೆಗೆ ಬಂದ ಹಲವು ತಿದ್ದುಪಡಿಗಳಲ್ಲಿ ಒಂದು ಆ ಸಾಲನ್ನು ಅಳಿಸುವುದಕ್ಕೆ ಸಂಬಂಧಿಸಿದ್ದು. ಮತಚೀಟಿಯನ್ನು ಮೊದಲು ಪೆಟ್ಟಿಗೆಗೆ ಹಾಕಿದವರು ಅಧ್ಯಕ್ಷ ಷಿ ಜಿನ್‌ಪಿಂಗ್ ಅವರೇ. ಎಣಿಕೆ ಮುಗಿದಾಗ ಪರವಾಗಿ 2,958 ಮತ, ವಿರುದ್ಧ 2. ಮೂವರು ಯಾವ ಕಡೆಗೂ ಹಾಕಲಿಲ್ಲ. ಒಂದು ಚೀಟಿ ತಿರಸ್ಕೃತವಾಯಿತು.

ಷಿ ಇನ್ನು ಬದುಕಿರುವ ತನಕ ಅಧ್ಯಕ್ಷರು ಎಂಬ ಅರ್ಥ ಬರುವ ಹಾಗೆ ಜಗತ್ತಿನ ಪತ್ರಿಕೆಗಳು ಬರೆದವು. ಅದು ಸುಳ್ಳೇನೂ ಅಲ್ಲ. ಆದರೆ ಅಷ್ಟನ್ನೇ ಓದಿದರೆ ಚೀನಾ ಅರ್ಥ ಆಗುವುದಿಲ್ಲ. ಯಾಕೆಂದರೆ ಅಲ್ಲಿ ಅಧ್ಯಕ್ಷ ಹುದ್ದೆಗೆ ಗೌರವ ಇದೆಯೇ ಹೊರತು ಹೆಚ್ಚಿನ ಅಧಿಕಾರ ಇಲ್ಲ. ಅಧಿಕಾರ ಇರುವುದು ಬೇರೆ ಎರಡು ಹುದ್ದೆಗಳಲ್ಲಿ. ಆ ಎರಡಕ್ಕೂ ಅವಧಿಯ ಮಿತಿಯನ್ನು ಯಾರೂ ಬರೆದಿಟ್ಟೇ ಇರಲಿಲ್ಲ! ಅಳಿಸುವುದಕ್ಕೆ ಅಲ್ಲಿ ಸಾಲೇ ಇರಲಿಲ್ಲ.

ನನಗೆ ಈ ಇಡೀ ಕಥೆಯ ಬೀಗದ ಕೈ ಇಲ್ಲೇ ಇದೆ ಅನ್ನಿಸುತ್ತದೆ. ಷಿ ಹೇಗೆ ಬೆಳೆದರು ಎನ್ನುವುದಕ್ಕಿಂತ ಮೊದಲು, ಅವರನ್ನು ತಡೆಯಬೇಕಾಗಿದ್ದ ಬೇಲಿ ಎಂಥದ್ದು ಎಂದು ನೋಡಬೇಕು.

ಮೂರು ಕುರ್ಚಿ

ಚೀನಾದಲ್ಲಿ ಸರ್ಕಾರ ಬೇರೆ, ಪಕ್ಷ ಬೇರೆ. ಪಕ್ಷ ಮೇಲೆ, ಸರ್ಕಾರ ಕೆಳಗೆ. ಇದೊಂದು ನೆನಪಿಟ್ಟುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಶಾಂಘೈಗೆ ಒಬ್ಬ ಮೇಯರ್ ಇದ್ದಾರೆ, ಆದರೆ ಶಾಂಘೈನ ಪಕ್ಷದ ಕಾರ್ಯದರ್ಶಿ ಅವರಿಗಿಂತ ದೊಡ್ಡವರು. ಪ್ರಾಂತ್ಯ, ಜಿಲ್ಲೆ, ವಿಶ್ವವಿದ್ಯಾಲಯ, ಸರ್ಕಾರಿ ಬ್ಯಾಂಕ್, ಎಲ್ಲಿ ಹೋದರೂ ಇದೇ ಜೋಡಿ. ಕೆಲಸ ನಡೆಸುವವರು ಒಬ್ಬರು, ಅವರ ಮೇಲೆ ಪಕ್ಷದ ಒಬ್ಬರು.

ದೇಶದ ಮಟ್ಟದಲ್ಲಿ ಮೂರು ಕುರ್ಚಿಗಳಿವೆ. ಒಂದು, ಕಮ್ಯುನಿಸ್ಟ್ ಪಕ್ಷದ ಪ್ರಧಾನ ಕಾರ್ಯದರ್ಶಿ. ಎರಡು, ಕೇಂದ್ರ ಸೇನಾ ಆಯೋಗದ ಅಧ್ಯಕ್ಷ. ಮೂರು, ದೇಶದ ಅಧ್ಯಕ್ಷ. ವಿದೇಶಿ ನಾಯಕರ ಕೈಕುಲುಕುವುದು, ರಾಯಭಾರಿಗಳನ್ನು ಬರಮಾಡಿಕೊಳ್ಳುವುದು ಮೂರನೆಯ ಕುರ್ಚಿಯ ಕೆಲಸ. ಮೊದಲ ಎರಡರಲ್ಲಿ ಜೀವ ಇದೆ.

ಸೇನೆಯ ವಿಷಯ ನಮಗೆ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಚೀನಾದ ಜನ ವಿಮೋಚನಾ ಸೇನೆ ದೇಶದ ಸೇನೆ ಅಲ್ಲ, ಪಕ್ಷದ ಸೇನೆ. ಸೈನಿಕರ ನಿಷ್ಠೆ ಮೊದಲು ಪಕ್ಷಕ್ಕೆ. ಬಂದೂಕು ಪಕ್ಷದ ಮಾತು ಕೇಳಬೇಕು ಎಂದು ಮಾವೋ ಹಾಕಿದ ಗೆರೆ ಇಂದಿಗೂ ಅಲ್ಲಿಯೇ ಇದೆ. ಹಾಗಾಗಿ ಸೇನಾ ಆಯೋಗದ ಕುರ್ಚಿ ಯಾರ ಕೈಯಲ್ಲಿದೆಯೋ ಅವರದ್ದೇ ಕೊನೆಯ ಮಾತು.

ಪಕ್ಷವನ್ನು ಒಂದು ಗೋಪುರ ಅಂದುಕೊಳ್ಳಿ. ತಳದಲ್ಲಿ ಸುಮಾರು 10 ಕೋಟಿ ಸದಸ್ಯರು. ಐದು ವರ್ಷಕ್ಕೊಮ್ಮೆ ಸುಮಾರು 2,300 ಪ್ರತಿನಿಧಿಗಳು ಮಹಾಧಿವೇಶನಕ್ಕೆ ಸೇರುತ್ತಾರೆ. ಅದರ ಮೇಲೆ 200 ಚಿಲ್ಲರೆ ಸದಸ್ಯರ ಕೇಂದ್ರ ಸಮಿತಿ. ಅದರ ಮೇಲೆ ಸುಮಾರು 24 ಜನರ ಪಾಲಿಟ್‌ಬ್ಯೂರೋ. ತುದಿಯಲ್ಲಿ 7 ಜನರ ಸ್ಥಾಯಿ ಸಮಿತಿ. ಪುಸ್ತಕದ ಪ್ರಕಾರ ಕೆಳಗಿನವರು ಮೇಲಿನವರನ್ನು ಆರಿಸಬೇಕು. ನಡೆಯುವುದು ತಿರುಗಾಮುರುಗ. ಯಾರು ಮೇಲೆ ಬರಬೇಕು ಎಂದು ಮೇಲಿರುವವರೇ ಮೊದಲು ತೀರ್ಮಾನ ಮಾಡುತ್ತಾರೆ. ಮತದಾನ ಆಮೇಲೆ.

ಈ ತೀರ್ಮಾನಗಳಿಗೆ ಬೇಕಾದ ಕಡತಗಳನ್ನೆಲ್ಲ ಇಟ್ಟುಕೊಂಡಿರುವುದು ಪಕ್ಷದ ಸಂಘಟನಾ ಇಲಾಖೆ. ಪ್ರಾಂತ್ಯದ ಮುಖ್ಯಸ್ಥರು, ದೊಡ್ಡ ಸರ್ಕಾರಿ ಕಂಪನಿಗಳ ಹಿರಿಯರು, ದೊಡ್ಡ ವಿಶ್ವವಿದ್ಯಾಲಯಗಳ ಮುಖ್ಯಸ್ಥರು, ಎಲ್ಲರ ನೇಮಕವೂ ಪಕ್ಷದ ಕೈಯಲ್ಲಿ. ಚೀನಾದಲ್ಲಿ ಅಧಿಕಾರ ಅಂದರೆ ಭಾಷಣ ಅಲ್ಲ, ಮತಪೆಟ್ಟಿಗೆಯೂ ಅಲ್ಲ. ಯಾರನ್ನು ಎಲ್ಲಿ ಕೂರಿಸಬೇಕು, ಯಾರನ್ನು ಎಬ್ಬಿಸಬೇಕು ಎನ್ನುವ ಹಿಡಿತ.

ಡೆಂಗ್ ಹಾಕಿದ ಬೇಲಿ

1976ರಲ್ಲಿ ಮಾವೋ ತೀರಿಕೊಂಡಾಗ ದೇಶ ಸೋತು ಹೋಗಿತ್ತು. 1950ರ ದಶಕದ ಕೊನೆಯಲ್ಲಿ ಶುರುವಾದ 'ಮಹಾ ಜಿಗಿತ' ಎಂಬ ದಿಢೀರ್ ಕೈಗಾರಿಕೀಕರಣದ ಹುಚ್ಚಾಟದಿಂದ ಬಂದ ಬರಗಾಲದಲ್ಲಿ ಕೋಟಿಗಟ್ಟಲೆ ಜನ ಹಸಿವಿನಿಂದ ಸತ್ತಿದ್ದರು. 1966ರಿಂದ ಹತ್ತು ವರ್ಷ ನಡೆದ ಸಾಂಸ್ಕೃತಿಕ ಕ್ರಾಂತಿಯಲ್ಲಿ ಶಾಲಾ ಮಕ್ಕಳು ಮೇಷ್ಟ್ರುಗಳನ್ನು ಹೊಡೆದರು, ಮಕ್ಕಳೇ ಅಪ್ಪಂದಿರ ಮೇಲೆ ದೂರು ಕೊಟ್ಟರು. ಒಬ್ಬ ಮನುಷ್ಯನ ಮಾತಿಗೆ ಎದುರು ಹೇಳುವವರೇ ಇಲ್ಲದೆ ಹೋದರೆ ಏನಾಗುತ್ತದೆ ಎಂದು ಆ ಪೀಳಿಗೆ ಮೈಮೇಲೆ ಅನುಭವಿಸಿತ್ತು.

ಆಮೇಲೆ ಬಂದ ಡೆಂಗ್ ಷಿಯಾವೊಪಿಂಗ್ ಸ್ವತಃ ಎರಡು ಸಲ ಮಾವೋ ಕಾಲದಲ್ಲಿ ಮೂಲೆಗುಂಪಾಗಿದ್ದವರು. 1980ರ ಆಗಸ್ಟ್‌ನಲ್ಲಿ ಅವರು ಪಾಲಿಟ್‌ಬ್ಯೂರೋ ಮುಂದೆ ಒಂದು ಮುಖ್ಯ ಭಾಷಣ ಮಾಡಿದರು. ಅಧಿಕಾರ ಒಬ್ಬರ ಕೈಯಲ್ಲೇ ಸೇರುವುದು, ಸಾಯುವ ತನಕ ಕುರ್ಚಿ ಬಿಡದಿರುವುದು, ಇವೇ ರೋಗದ ಮೂಲ ಎಂಬುದು ಅದರ ಸಾರ. 1982ರ ಸಂವಿಧಾನದಲ್ಲಿ ಎರಡು ಅವಧಿಯ ಮಿತಿ ಬಂತು. ನಂತರದ ವರ್ಷಗಳಲ್ಲಿ ಇನ್ನಷ್ಟು ರೂಢಿಗಳು ಬೆಳೆದವು. ಮಹಾಧಿವೇಶನದ ಹೊತ್ತಿಗೆ 67 ವಯಸ್ಸಾಗಿದ್ದರೆ ಉಳಿಯಬಹುದು, 68 ಆಗಿದ್ದರೆ ಮನೆಗೆ. ಚೀನೀಯರು ಇದನ್ನು 'ಏಳು ಮೇಲೆ, ಎಂಟು ಕೆಳಗೆ' ಎನ್ನುತ್ತಾರೆ. ಮುಂದಿನ ನಾಯಕ ಯಾರು ಎಂದು ಐದು ವರ್ಷ ಮೊದಲೇ ಸ್ಥಾಯಿ ಸಮಿತಿಯಲ್ಲಿ ಕೂರಿಸಿ ತೋರಿಸಬೇಕು. ನಿವೃತ್ತರಾದ ಸ್ಥಾಯಿ ಸಮಿತಿ ಸದಸ್ಯರ ಮೇಲೆ ಕೇಸು ಹಾಕುವಂತಿಲ್ಲ.

ಇವುಗಳಲ್ಲಿ ಹೆಚ್ಚಿನವನ್ನು ಯಾವ ಕಾನೂನು ಪುಸ್ತಕದಲ್ಲೂ ಬರೆದಿಡಲಿಲ್ಲ. ಎಲ್ಲ ಬಾಯಿಮಾತಿನ ಒಪ್ಪಂದ.

ಡೆಂಗ್ ತಾವೇ ಹಾಕಿದ ಬೇಲಿಯ ಒಳಗೆ ನಿಲ್ಲಲಿಲ್ಲ ಅನ್ನುವುದನ್ನೂ ಹೇಳಬೇಕು. ಮಾವೋ ನಂತರ ಅವರು ಪಕ್ಷದ ಪ್ರಧಾನ ಕಾರ್ಯದರ್ಶಿ ಆಗಲಿಲ್ಲ, ದೇಶದ ಅಧ್ಯಕ್ಷರೂ ಆಗಲಿಲ್ಲ. ಮೂರು ಕುರ್ಚಿಗಳಲ್ಲಿ ಸೇನಾ ಆಯೋಗವನ್ನು ಮಾತ್ರ ಇಟ್ಟುಕೊಂಡು ಎಲ್ಲವನ್ನೂ ನಡೆಸಿದರು. ಪಕ್ಷದ ಮುಖ್ಯಸ್ಥರಾಗಿದ್ದ ಹು ಯಾವೊಬಾಂಗ್ ಅವರನ್ನು 1987ರಲ್ಲಿ ಕೆಳಗಿಳಿಸಿದರು. ಅವರ ನಂತರ ಬಂದ ಝಾವೊ ಝಿಯಾಂಗ್ 1989ರಲ್ಲಿ ತಿಯಾನನ್‌ಮೆನ್ ಚೌಕದ ವಿದ್ಯಾರ್ಥಿಗಳ ಮೇಲೆ ಸೇನೆ ಬಿಡಲು ಒಪ್ಪಲಿಲ್ಲ. ಅವರನ್ನೂ ತೆಗೆದರು. ಝಾವೊ 2005ರಲ್ಲಿ ಸಾಯುವ ತನಕ ಗೃಹಬಂಧನದಲ್ಲಿದ್ದರು. ಡೆಂಗ್ ಎಲ್ಲ ಹುದ್ದೆ ಬಿಟ್ಟ ಮೇಲೂ ಚೀನಾ ಬ್ರಿಡ್ಜ್ ಸಂಘದ ಗೌರವ ಅಧ್ಯಕ್ಷರಾಗಿ ಉಳಿದರು. ಇಸ್ಪೀಟಿನ ಬ್ರಿಡ್ಜ್ ಆಟದ ಸಂಘ. ಆ ಒಂದು ಹುದ್ದೆ ಇಟ್ಟುಕೊಂಡ ಮುದುಕನ ಮಾತನ್ನು ಮೀರುವ ಧೈರ್ಯ ಇಡೀ ಪಾಲಿಟ್‌ಬ್ಯೂರೋಗೆ ಇರಲಿಲ್ಲ.

ಅಂದರೆ ಬೇಲಿ ನಿಂತಿದ್ದು ಗೂಟದ ಮೇಲಲ್ಲ, ಡೆಂಗ್ ಅವರ ಹೆಗಲಿನ ಮೇಲೆ. ತಮ್ಮ ನಂತರ ಜಿಯಾಂಗ್ ಜೆಮಿನ್, ಅವರ ನಂತರ ಹು ಜಿಂಟಾವೊ ಎಂದು ಎರಡು ಪೀಳಿಗೆಯ ಉತ್ತರಾಧಿಕಾರಿಗಳನ್ನು ಅವರೇ ಗುರುತಿಸಿ ಇಟ್ಟಿದ್ದರು. 1997ರ ಫೆಬ್ರವರಿಯಲ್ಲಿ ಡೆಂಗ್ ತೀರಿಕೊಂಡರು. ಅವರ ನೆರಳಿಲ್ಲದೆ, ಅವರ ಬೆರಳು ತೋರಿಸದೆ ಬಂದ ಮೊದಲ ನಾಯಕ ಷಿ ಜಿನ್‌ಪಿಂಗ್.

ಗುಹೆಯ ಹುಡುಗ

ಷಿ ಹುಟ್ಟಿದ್ದು 1953ರ ಜೂನ್ 15ರಂದು, ಬೀಜಿಂಗ್‌ನಲ್ಲಿ. ತಂದೆ ಷಿ ಝೊಂಗ್‌ಷುನ್ ಕ್ರಾಂತಿಯ ಹಿರಿಯರಲ್ಲಿ ಒಬ್ಬರು, ಆಮೇಲೆ ಉಪ ಪ್ರಧಾನಿ. 1954ರಲ್ಲಿ ಬೀಜಿಂಗ್‌ಗೆ ಹೋಗಿದ್ದ 19ರ ಹರೆಯದ ದಲೈ ಲಾಮಾ ಈ ತಂದೆಗೆ ಒಂದು ಕೈಗಡಿಯಾರ ಉಡುಗೊರೆ ಕೊಟ್ಟಿದ್ದರು. ಅಂಥ ತಂದೆಯ ಮಗ ಅಧಿಕಾರಕ್ಕೆ ಬಂದಾಗ ಟಿಬೆಟಿಗೆ ಒಳ್ಳೆಯದಾಗಬಹುದೇನೋ ಎಂದು ಹಲವು ಟಿಬೆಟನ್ನರು ಆಸೆ ಪಟ್ಟಿದ್ದೂ ಉಂಟು. ಬೈಲುಕುಪ್ಪೆ, ಮುಂಡಗೋಡಗಳಲ್ಲಿ ಅರವತ್ತು ವರ್ಷಗಳಿಂದ ಊರಿಗೆ ಮರಳುವ ದಾರಿ ಕಾಯುತ್ತಿರುವ ಸಮುದಾಯ ಅದು. ಆ ಆಸೆ ಈಡೇರಲಿಲ್ಲ.

1962ರಲ್ಲಿ ತಂದೆಯ ಮೇಲೆ ಪಕ್ಷದ್ರೋಹದ ಆರೋಪ ಬಂತು. ನೆಪ, ಒಂದು ಕಾದಂಬರಿಗೆ ಬೆಂಬಲ ಕೊಟ್ಟರು ಎಂಬುದು. ಹುದ್ದೆ ಹೋಯಿತು, ಮುಂದೆ ಸೆರೆವಾಸ. ಸಾಂಸ್ಕೃತಿಕ ಕ್ರಾಂತಿಯಲ್ಲಿ ಕುಟುಂಬ ದಿಕ್ಕಾಪಾಲಾಯಿತು. ಷಿ ಅವರ ಮಲ ಅಕ್ಕ ಆ ಕಿರುಕುಳದಲ್ಲಿ ಪ್ರಾಣ ಕಳೆದುಕೊಂಡರು. 1969ರ ಜನವರಿಯಲ್ಲಿ, 15ನೇ ವಯಸ್ಸಿನಲ್ಲಿ, ಷಿ ಅವರನ್ನು ಶಾನ್‌ಷಿ ಪ್ರಾಂತ್ಯದ ಲಿಯಾಂಗ್‌ಜಿಯಾಹೆ ಎಂಬ ಹಳ್ಳಿಗೆ ಕಳಿಸಿದರು. ಗುಡ್ಡದ ಹಳದಿ ಮಣ್ಣು ಕೊರೆದು ಮಾಡಿದ ಗುಹೆಯಂಥ ಮನೆ. ಚಿಗಟದ ಕಾಟ. ಗೊಬ್ಬರ ಹೊರುವುದು, ಒಡ್ಡು ಕಟ್ಟುವುದು. ಕೆಲವು ತಿಂಗಳಲ್ಲಿ ಬೀಜಿಂಗ್‌ಗೆ ಓಡಿಬಂದರು, ಅಲ್ಲಿ ಹಿಡಿದು ಕೂಡಿಹಾಕಿದರು, ಮತ್ತೆ ಹಳ್ಳಿಗೇ ಹೋದರು. ಅಲ್ಲಿ ಸುಮಾರು ಏಳು ವರ್ಷ ಕಳೆದರು.

ಈ ಭಾಗದಲ್ಲಿ ನಾನು ಪ್ರತಿಸಲವೂ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ತನ್ನ ಮನೆ ಮುರಿದ ಪಕ್ಷದ ಮೇಲೆ ಹುಡುಗನಿಗೆ ದ್ವೇಷ ಹುಟ್ಟಬೇಕಿತ್ತು, ಅಲ್ವಾ? ಅವರ ಓರಗೆಯ ಎಷ್ಟೋ ಜನ ರಾಜಕೀಯವೇ ಬೇಡ ಎಂದು ವ್ಯಾಪಾರಕ್ಕೋ, ವಿದೇಶಕ್ಕೋ ಹೋದರು. ಷಿ ಮತ್ತೆ ಮತ್ತೆ ಪಕ್ಷದ ಸದಸ್ಯತ್ವಕ್ಕೆ ಅರ್ಜಿ ಹಾಕಿದರು. ತಂದೆಯ ಹೆಸರಿನ ಕಾರಣಕ್ಕೆ ಅವು ತಿರಸ್ಕೃತವಾಗುತ್ತಲೇ ಹೋದವು. 1974ರಲ್ಲಿ ಕೊನೆಗೂ ಒಪ್ಪಿಗೆ ಸಿಕ್ಕಿತು. ಗಲಭೆ ಕಂಡು ಡೆಂಗ್ ಕಲಿತ ಪಾಠ 'ಒಬ್ಬನ ಕೈಯಲ್ಲಿ ಎಲ್ಲ ಅಧಿಕಾರ ಬೇಡ' ಎಂಬುದು. ಅದೇ ಗಲಭೆಯಿಂದ ಷಿ ಕಲಿತ ಪಾಠ ಬೇರೆ ಇರಬೇಕು ಎಂದು ನನ್ನ ಊಹೆ. ಅಧಿಕಾರ ಕಳೆದುಕೊಂಡವರ ಮನೆಗೆ ಏನಾಗುತ್ತದೆ ಎಂದು ಅವರು ಒಂಬತ್ತನೇ ವಯಸ್ಸಿಗೇ ನೋಡಿದ್ದರು. ಮೇಲಿನವರ ಹಿಡಿತ ತಪ್ಪಿದರೆ ಬೀದಿಯಲ್ಲಿ ಏನಾಗುತ್ತದೆ ಎಂದೂ ನೋಡಿದ್ದರು.

ಮುಂದಿನ ದಾರಿ ನಿಧಾನದ್ದು. ಚಿಂಗ್‌ಹುವಾ ವಿಶ್ವವಿದ್ಯಾಲಯದಲ್ಲಿ ಓದು. ಸೇನೆಯ ಹಿರಿಯ ಗೆಂಗ್ ಬಿಯಾವೊ ಬಳಿ ಕಾರ್ಯದರ್ಶಿ ಕೆಲಸ. ಆಮೇಲೆ ಬೀಜಿಂಗ್ ಬಿಟ್ಟು ಹೆಬೈ ಪ್ರಾಂತ್ಯದ ಝೆಂಗ್‌ಡಿಂಗ್ ಎಂಬ ಕೃಷಿ ಜಿಲ್ಲೆ. 1985ರಿಂದ 17 ವರ್ಷ ಕರಾವಳಿಯ ಫುಜಿಯಾನ್. 2002ರಿಂದ ಝೆಜಿಯಾಂಗ್. 2007ರಲ್ಲಿ ಕೆಲವೇ ತಿಂಗಳು ಶಾಂಘೈ. ಆ ದಿನಗಳಲ್ಲಿ ದೇಶಕ್ಕೆ ಹೆಚ್ಚು ಗೊತ್ತಿದ್ದದ್ದು ಅವರಲ್ಲ, 1987ರಲ್ಲಿ ಅವರನ್ನು ಮದುವೆಯಾದ ಜನಪ್ರಿಯ ಗಾಯಕಿ ಪೆಂಗ್ ಲಿಯುವಾನ್. 1997ರಲ್ಲಿ ಕೇಂದ್ರ ಸಮಿತಿಯ ಪರ್ಯಾಯ ಸದಸ್ಯರ ಆಯ್ಕೆ ನಡೆದಾಗ ಷಿ ಅವರಿಗೆ ಎಲ್ಲರಿಗಿಂತ ಕಡಿಮೆ ಮತ ಬಿದ್ದವು. 151 ಜನರ ಪಟ್ಟಿಯಲ್ಲಿ 151ನೆಯವರು. ಹಿರಿಯರ ಮಕ್ಕಳು ಅಪ್ಪನ ಹೆಸರಿನಲ್ಲಿ ಮೇಲೇರುವುದು ಪಕ್ಷದ ಎಷ್ಟೋ ಜನರಿಗೆ ಇಷ್ಟ ಇರಲಿಲ್ಲ.

ಹತ್ತು ವರ್ಷದಲ್ಲಿ ಗಾಳಿ ಬದಲಾಯಿತು. ಹು ಜಿಂಟಾವೊ ನಂತರ ಯಾರು ಎಂಬ ಪ್ರಶ್ನೆ ಬಂದಾಗ, ಹು ಅವರ ಕಡೆಯವರು ಲಿ ಕೆಕಿಯಾಂಗ್. ಅವರನ್ನು ಜಿಯಾಂಗ್ ಬಣ ಒಪ್ಪಲಿಲ್ಲ. ಎರಡೂ ಕಡೆಗೆ ಆಗಬಹುದಾದ, ಯಾರ ಜೊತೆಗೂ ಜಗಳ ಇಲ್ಲದ, ಹಳೆಯ ಹಿರಿಯರ ಮನೆತನದ ಒಬ್ಬರು ಬೇಕಿತ್ತು. 2007ರಲ್ಲಿ ಪಕ್ಷದ ಸುಮಾರು 400 ಹಿರಿಯರ ಒಳಮತ ಪಡೆದರು. ಆ ಅಕ್ಟೋಬರ್‌ನಲ್ಲಿ ಹೊಸ ಸ್ಥಾಯಿ ಸಮಿತಿ ವೇದಿಕೆಗೆ ಬಂದಾಗ ಷಿ ಆರನೆಯವರಾಗಿ ನಡೆದು ಬಂದರು. ಅವರ ಹಿಂದೆ ಏಳನೆಯವರಾಗಿ ಲಿ ಕೆಕಿಯಾಂಗ್. ಆ ಒಂದು ಹೆಜ್ಜೆಯ ಅಂತರದಲ್ಲಿ ಮುಂದಿನ ನಾಯಕ ಯಾರು ಎಂದು ತೀರ್ಮಾನ ಆಗಿಹೋಗಿತ್ತು. ತಮಗೆ ಎದುರಾಡದ ಸೌಮ್ಯ ವ್ಯಕ್ತಿ ಎಂದು ಅಂದುಕೊಂಡೇ ಬಹಳ ಜನ ಅವರನ್ನು ಒಪ್ಪಿದ್ದು.

ಹುಲಿ ಮತ್ತು ನೊಣ

ಅವರು ಅಧಿಕಾರಕ್ಕೆ ಬಂದ ವರ್ಷವೇ ಪಕ್ಷದ ಮನೆಯೊಳಗೆ ಬೆಂಕಿ ಬಿದ್ದಿತ್ತು. ಚೊಂಗ್‌ಚಿಂಗ್ ಮಹಾನಗರದ ಪಕ್ಷದ ಮುಖ್ಯಸ್ಥ ಬೊ ಷಿಲಾಯ್ ಕೂಡ ದೊಡ್ಡ ಮನೆತನದವರು, ಸ್ಥಾಯಿ ಸಮಿತಿಗೆ ಬರಲು ಹಾತೊರೆಯುತ್ತಿದ್ದವರು. 2012ರ ಫೆಬ್ರವರಿಯಲ್ಲಿ ಅವರದೇ ಪೊಲೀಸ್ ಮುಖ್ಯಸ್ಥ ಹೆದರಿ ಚೆಂಗ್ಡುವಿನ ಅಮೆರಿಕ ದೂತಾವಾಸಕ್ಕೆ ಓಡಿಹೋದರು. ಬೊ ಅವರ ಹೆಂಡತಿ ಗು ಕೈಲಾಯ್ ಒಬ್ಬ ಬ್ರಿಟಿಷ್ ವ್ಯಾಪಾರಿಗೆ ವಿಷ ಹಾಕಿ ಕೊಂದ ಸಂಗತಿ ಹೊರಗೆ ಬಂತು. ಬೊ ಅವರಿಗೆ ಮರುವರ್ಷ ಜೀವಾವಧಿ ಶಿಕ್ಷೆ ಆಯಿತು. ಪಕ್ಷ ಎಷ್ಟು ಕೊಳೆತಿದೆ ಎಂಬ ಭಯ ಹಿರಿಯರಿಗೆ ಆಗ ನಿಜಕ್ಕೂ ಹತ್ತಿತು. ಗಟ್ಟಿ ಕೈ ಬೇಕು ಎಂಬ ಮಾತು ಒಳಗಿನಿಂದಲೇ ಎದ್ದಿತು.

2012ರ ನವೆಂಬರ್ 15ರಂದು ಷಿ ಪ್ರಧಾನ ಕಾರ್ಯದರ್ಶಿ ಆದರು. ಅದೇ ದಿನ ಸೇನಾ ಆಯೋಗವೂ ಅವರಿಗೆ ಸಿಕ್ಕಿತು. ಇದು ಸಣ್ಣ ವಿಷಯ ಅಲ್ಲ. ಹು ಜಿಂಟಾವೊ ಪಕ್ಷದ ಮುಖ್ಯಸ್ಥರಾದ ಮೇಲೂ ಎರಡು ವರ್ಷ ಜಿಯಾಂಗ್ ಸೇನೆಯನ್ನು ಬಿಟ್ಟುಕೊಟ್ಟಿರಲಿಲ್ಲ. ಹು ಹಾಗೆ ಮಾಡಲಿಲ್ಲ, ಎರಡೂ ಕುರ್ಚಿ ಒಟ್ಟಿಗೇ ಬಿಟ್ಟು ಎದ್ದರು.

ಮೊದಲ ಅಸ್ತ್ರ ಭ್ರಷ್ಟಾಚಾರ ವಿರೋಧ. ಹುಲಿಗಳನ್ನೂ ಬಿಡುವುದಿಲ್ಲ, ನೊಣಗಳನ್ನೂ ಬಿಡುವುದಿಲ್ಲ ಎಂದು ಷಿ ಘೋಷಿಸಿದರು. ಹುಲಿ ಅಂದರೆ ದೊಡ್ಡ ತಲೆಗಳು, ನೊಣ ಅಂದರೆ ಹಳ್ಳಿ ಮಟ್ಟದ ಅಧಿಕಾರಿಗಳು. ಇದನ್ನು ನಡೆಸಲು ತಮ್ಮ ಹಳೆಯ ಗೆಳೆಯ ವಾಂಗ್ ಕಿಶಾನ್ ಅವರನ್ನು ಪಕ್ಷದ ಶಿಸ್ತು ಆಯೋಗಕ್ಕೆ ತಂದರು. ಈ ಆಯೋಗಕ್ಕೆ ಕೋರ್ಟಿನ ಅನುಮತಿ ಬೇಡ. ಪಕ್ಷದ ಸದಸ್ಯರನ್ನು ಕರೆದೊಯ್ದು, ವಕೀಲರಿಲ್ಲದೆ, ತಿಂಗಳುಗಟ್ಟಲೆ ವಿಚಾರಣೆ ಮಾಡಬಹುದು. ಹತ್ತು ವರ್ಷದಲ್ಲಿ 40 ಲಕ್ಷಕ್ಕೂ ಹೆಚ್ಚು ಜನರ ಮೇಲೆ ತನಿಖೆ ನಡೆಯಿತು.

ಲಂಚ ಇರಲಿಲ್ಲವೇ? ಖಂಡಿತ ಇತ್ತು, ವಿಪರೀತ ಇತ್ತು. ಸೇನೆಯಲ್ಲಿ ಬಡ್ತಿಗೇ ಬೆಲೆ ಕಟ್ಟಿದ್ದರು. ಸರ್ಕಾರಿ ಖರ್ಚಿನ ಔತಣಗಳಲ್ಲಿ ದುಬಾರಿ ಮಾವೋಟಾಯ್ ಮದ್ಯ ಹರಿಯುತ್ತಿತ್ತು. ಜನಸಾಮಾನ್ಯರಿಗೆ ಈ ಕಾರ್ಯಾಚರಣೆ ನಿಜಕ್ಕೂ ಹಿಡಿಸಿತು, ಅದನ್ನು ಒಪ್ಪಿಕೊಳ್ಳದೆ ಷಿ ಅವರ ಜನಪ್ರಿಯತೆ ಅರ್ಥ ಆಗುವುದಿಲ್ಲ. ಆದರೆ ಲಂಚ ಎಲ್ಲ ಕಡೆ ಇರುವಾಗ ಯಾರ ಕಡತವನ್ನು ಮೊದಲು ತೆರೆಯಬೇಕು ಎಂದು ತೀರ್ಮಾನ ಮಾಡುವವನ ಕೈಯಲ್ಲಿ ಎಲ್ಲರ ಜುಟ್ಟು ಇರುತ್ತದೆ. ಪೊಲೀಸ್ ಮತ್ತು ಗುಪ್ತಚರ ವ್ಯವಸ್ಥೆಯನ್ನು ನಡೆಸಿದ್ದ ಝೌ ಯೊಂಗ್‌ಕಾಂಗ್ ಸ್ಥಾಯಿ ಸಮಿತಿಯ ನಿವೃತ್ತ ಸದಸ್ಯರು. ಅಂಥವರನ್ನು ಮುಟ್ಟುವಂತಿಲ್ಲ ಎಂಬ ಬಾಯಿಮಾತಿನ ನಿಯಮ ಇತ್ತಲ್ಲ, ಅದು 2015ರ ಜೂನ್‌ನಲ್ಲಿ ಅವರಿಗೆ ಜೀವಾವಧಿ ಶಿಕ್ಷೆ ಆದಾಗ ಮುರಿದು ಬಿತ್ತು. ಸೇನಾ ಆಯೋಗದ ಮಾಜಿ ಉಪಾಧ್ಯಕ್ಷರಿಬ್ಬರೂ ಸಿಕ್ಕಿಬಿದ್ದರು. ಷು ಚೈಹೌ ವಿಚಾರಣೆಗೆ ಮೊದಲೇ ಕ್ಯಾನ್ಸರ್‌ನಿಂದ ಸತ್ತರು, ಗುವೊ ಬೊಷಿಯಾಂಗ್ ಜೀವಾವಧಿ ಜೈಲಿಗೆ ಹೋದರು. ಹು ಜಿಂಟಾವೊ ಅವರ ಆಪ್ತ ಲಿಂಗ್ ಜಿಹುವಾ ಕೂಡ ಹೋದರು. 2017ರಲ್ಲಿ, ಮುಂದಿನ ಪೀಳಿಗೆಯ ನಾಯಕ ಎಂದು ಹೆಸರು ಕೇಳಿಬರುತ್ತಿದ್ದ ಸುನ್ ಝೆಂಗ್‌ಕೈ ಸರದಿ.

ಸೇನೆಗೆ ಕೊಟ್ಟ ಸಂದೇಶ ಇನ್ನೂ ನೇರ. 2014ರ ಕೊನೆಯಲ್ಲಿ ಷಿ ಹಿರಿಯ ಸೇನಾಧಿಕಾರಿಗಳನ್ನು ಫುಜಿಯಾನ್‌ನ ಗುಟಿಯನ್ ಎಂಬ ಊರಿಗೆ ಕರೆಸಿದರು. 1929ರಲ್ಲಿ ಸೇನೆಯ ಮೇಲೆ ಪಕ್ಷದ್ದೇ ಹಿಡಿತ ಎಂದು ಮಾವೋ ಗಟ್ಟಿ ಮಾಡಿದ ಸ್ಥಳ ಅದು. ಯಾಕೆ ಕರೆಸಿದ್ದಾರೆ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮುಂದೆ ಏಳು ಸೇನಾ ವಲಯಗಳನ್ನು ಒಡೆದು ಐದು ಮಾಡಿದರು. ಮೂರು ಲಕ್ಷ ಸಿಬ್ಬಂದಿಯನ್ನು ಕಡಿಮೆ ಮಾಡಿದರು. ಹಳೆಯ ಜನರಲ್‌ಗಳ ಕೋಟೆಗಳು ಹಾಗೇ ಕರಗಿಹೋದವು.

ಸೋವಿಯತ್ ಒಕ್ಕೂಟದ ಪತನ ಷಿ ಅವರನ್ನು ಬಿಡದೆ ಕಾಡಿದೆ. ಅಧಿಕಾರಕ್ಕೆ ಬಂದ ಹೊಸದರಲ್ಲೇ ಅವರು ಪಕ್ಷದವರ ಮುಂದೆ ಆ ಮಾತು ಎತ್ತಿದ್ದರು. ಅಲ್ಲಿ ನಂಬಿಕೆ ಸಡಿಲಾಯಿತು, ಸೇನೆ ಪಕ್ಷದ ಕೈ ತಪ್ಪಿತು, ಕೊನೆಗೆ ಎದ್ದು ನಿಲ್ಲುವವರೇ ಇರಲಿಲ್ಲ ಎಂಬುದು ಅವರ ಲೆಕ್ಕ. ಅವರ ಎಷ್ಟೋ ನಡೆಗಳು ಈ ಭಯದಿಂದ ಅರ್ಥವಾಗುತ್ತವೆ. ಪತ್ರಿಕೆ, ವಕೀಲರು, ಚರ್ಚು, ಇಂಟರ್ನೆಟ್ಟು, ಎಲ್ಲದರ ಮೇಲೂ ಬಿಗಿ. 2017ರಿಂದ ಷಿನ್‌ಜಿಯಾಂಗ್‌ನಲ್ಲಿ ಉಯ್ಗರ್ ಮುಸ್ಲಿಮರನ್ನು ಭಾರಿ ಸಂಖ್ಯೆಯಲ್ಲಿ ಶಿಬಿರಗಳಲ್ಲಿ ಕೂಡಿಹಾಕಿದರು. 2020ರಲ್ಲಿ ಹಾಂಗ್‌ಕಾಂಗ್ ಮೇಲೆ ಭದ್ರತಾ ಕಾನೂನು ಹೇರಿದರು. ಅದೇ ವರ್ಷದ ಜೂನ್ 15ರ ರಾತ್ರಿ ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಪ್ರಾಣ ಕೊಟ್ಟರು. ಅದಕ್ಕೆ ಎಂಟು ತಿಂಗಳ ಹಿಂದೆಯಷ್ಟೇ ಮಾಮಲ್ಲಪುರದಲ್ಲಿ ಷಿ ನಮ್ಮ ಪ್ರಧಾನಿಯ ಜೊತೆ ಶಿಲ್ಪಗಳನ್ನು ನೋಡುತ್ತಾ ನಡೆದಿದ್ದರು.

ಬೇಲಿ ಬಿದ್ದದ್ದು

ಒಂದೊಂದೇ ಗೂಟ ಕಿತ್ತು ಬಂತು. 2016ರಲ್ಲಿ ಷಿ ಅವರಿಗೆ ಪಕ್ಷದ 'ತಿರುಳು', ಅಂದರೆ ಎಲ್ಲರ ನಡುವಿನ ಕೇಂದ್ರ ನಾಯಕ, ಎಂಬ ಪದವಿ ಸಿಕ್ಕಿತು. ಹು ಜಿಂಟಾವೊ ಅವರಿಗೆ ಆ ಪದ ಹತ್ತು ವರ್ಷದಲ್ಲಿ ಒಮ್ಮೆಯೂ ಸಿಕ್ಕಿರಲಿಲ್ಲ. 2017ರಲ್ಲಿ ಅವರ ಹೆಸರಿನ 'ಚಿಂತನೆ' ಪಕ್ಷದ ಸಂವಿಧಾನಕ್ಕೆ ಸೇರಿತು. ಅಧಿಕಾರದಲ್ಲಿ ಇರುವಾಗಲೇ ಹೀಗೆ ಹೆಸರು ಸೇರಿಸಿಕೊಂಡಿದ್ದು ಮಾವೋ ಬಿಟ್ಟರೆ ಇವರೇ. ಆ ವರ್ಷ ಹಿರಿಯರ ಒಳಮತವನ್ನೂ ಕೈಬಿಟ್ಟರು. ಅದರ ಬದಲು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತನಾಡುವ ಪದ್ಧತಿ ಬಂತು. ಹೊಸ ಸ್ಥಾಯಿ ಸಮಿತಿಯಲ್ಲಿ ಉತ್ತರಾಧಿಕಾರಿ ಆಗುವ ವಯಸ್ಸಿನವರು ಒಬ್ಬರೂ ಇರಲಿಲ್ಲ. 2018ರ ಮತದಾನ ಬಂದಿದ್ದು ಇಷ್ಟೆಲ್ಲ ಆದ ಮೇಲೆ.

ಮೂರನೇ ಕುರ್ಚಿಯಲ್ಲಿ ಅಧಿಕಾರ ಇಲ್ಲದಿದ್ದರೆ ಆ ಸಾಲನ್ನು ಅಳಿಸುವ ಕಷ್ಟ ಯಾಕೆ? ಯಾಕೆಂದರೆ ಮೂರೂ ಕುರ್ಚಿ ಒಬ್ಬರೇ ಹಿಡಿಯುವುದು 1990ರ ದಶಕದಿಂದ ರೂಢಿ. ಒಂದರಿಂದ ಎದ್ದರೆ ಉಳಿದ ಎರಡರಿಂದಲೂ ಏಳುವ ಹೊತ್ತಾಯಿತು ಎಂದು ಎಲ್ಲರೂ ಲೆಕ್ಕ ಹಾಕಲು ಶುರು ಮಾಡುತ್ತಾರೆ. ಇಡೀ ಬೇಲಿಯಲ್ಲಿ ಬರಹದಲ್ಲಿ ಇದ್ದ ಗೂಟ ಅದೊಂದೇ.

2022ರ ಅಕ್ಟೋಬರ್‌ನ ಮಹಾಧಿವೇಶನದಲ್ಲಿ ವಯಸ್ಸಿನ ರೂಢಿಯೂ ಹೋಯಿತು. 69 ದಾಟಿದ್ದ ಷಿ ಉಳಿದರು. 72 ವಯಸ್ಸಿನ ಜನರಲ್ ಝಾಂಗ್ ಯೌಷಿಯಾ ಉಳಿದರು. ರೂಢಿಯ ಪ್ರಕಾರ ಇನ್ನೂ ಉಳಿಯಬಹುದಾಗಿದ್ದ ಪ್ರಧಾನಿ ಲಿ ಕೆಕಿಯಾಂಗ್, ಸ್ಥಾಯಿ ಸಮಿತಿಯ ಇನ್ನೊಬ್ಬ ಸದಸ್ಯ ವಾಂಗ್ ಯಾಂಗ್ ಇಬ್ಬರೂ ಹೊರಗೆ. ಕೊನೆಯ ದಿನ, ಕ್ಯಾಮೆರಾಗಳ ಎದುರಿಗೇ, 79ರ ಹು ಜಿಂಟಾವೊ ಅವರನ್ನು ಷಿ ಪಕ್ಕದ ಕುರ್ಚಿಯಿಂದ ಎಬ್ಬಿಸಿ ಕರೆದೊಯ್ದರು. ಆರೋಗ್ಯ ಸರಿ ಇರಲಿಲ್ಲ ಎಂದು ಸರ್ಕಾರಿ ಸುದ್ದಿಸಂಸ್ಥೆ ಹೇಳಿತು. ಹೋಗುತ್ತಾ ಹು ತಮ್ಮ ಹಳೆಯ ಶಿಷ್ಯ ಲಿ ಕೆಕಿಯಾಂಗ್ ಅವರ ಭುಜ ತಟ್ಟಿದರು. ವೇದಿಕೆಯ ಮೇಲಿದ್ದ ಉಳಿದವರು ಮುಂದೆ ನೋಡುತ್ತಾ ಕೂತಿದ್ದರು. ಆ ದೃಶ್ಯ ನೋಡಿದಾಗಿನಿಂದ ನನಗೆ ಮರೆಯಲಾಗಿಲ್ಲ. ಲಿ ಮರುವರ್ಷ ಅಕ್ಟೋಬರ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡರು.

ಹೊಸ ಏಳು ಜನರನ್ನು ನೋಡಿ. ಪ್ರಧಾನಿಯಾದ ಲಿ ಚಿಯಾಂಗ್ ಹಿಂದೆ ಝೆಜಿಯಾಂಗ್‌ನಲ್ಲಿ ಷಿ ಕಚೇರಿ ನೋಡಿಕೊಂಡವರು. ಚಾಯ್ ಚಿ ಫುಜಿಯಾನ್, ಝೆಜಿಯಾಂಗ್ ದಿನಗಳ ಒಡನಾಡಿ. ಡಿಂಗ್ ಷುಷಿಯಾಂಗ್ ಶಾಂಘೈನಲ್ಲಿ ಅವರ ಕೈಕೆಳಗಿದ್ದವರು. ಲಿ ಷಿ ಒಂದು ಕಾಲಕ್ಕೆ ಯಾನಾನ್ ಮುಖ್ಯಸ್ಥರು, ಷಿ ಇದ್ದ ಗುಹೆಯ ಹಳ್ಳಿ ಬರುವುದು ಅದೇ ಪ್ರದೇಶಕ್ಕೆ. ಆಗ ಆರಿಸಿದ 24 ಜನರ ಪಾಲಿಟ್‌ಬ್ಯೂರೋದಲ್ಲಿ ಒಬ್ಬ ಹೆಂಗಸೂ ಇರಲಿಲ್ಲ.

ಎದುರು ಹೇಳುವವರಿಲ್ಲದಾಗ

ಈ ಏಕಹಿಡಿತದಿಂದ ಆದ ಕೆಲಸಗಳೂ ಇವೆ. ಕಡು ಬಡತನ ಮುಗಿಸುವುದನ್ನು ಒಂದು ದಿನಾಂಕ ಇಟ್ಟುಕೊಂಡು ಮಾಡಿದರು. ಬೀಜಿಂಗ್‌ನ ಗಾಳಿ ಮೊದಲಿಗಿಂತ ಎಷ್ಟೋ ಶುದ್ಧವಾಯಿತು. ವಿದ್ಯುತ್ ಕಾರು, ಸೌರ ಫಲಕಗಳಲ್ಲಿ ಚೀನಾ ಜಗತ್ತಿಗೇ ಮುಂದೆ ಹೋಯಿತು. ಮೇಲಿನಿಂದ ಬಂದ ಗುರಿ ಸರಿಯಾಗಿದ್ದರೆ ಇಡೀ ಯಂತ್ರ ಒಂದೇ ದಿಕ್ಕಿಗೆ ಓಡುತ್ತದೆ. ಗುರಿ ತಪ್ಪಾಗಿದ್ದರೂ ಅಷ್ಟೇ ಜೋರಾಗಿ ಓಡುತ್ತದೆ.

ಕೋವಿಡ್ ಕಾಲದಲ್ಲಿ ಅದು ಕಂಡಿತು. ಒಂದೂ ಸೋಂಕು ಇರಬಾರದು ಎಂಬುದು ಷಿ ಅವರ ಹೆಸರಿನ ಜೊತೆಗೇ ಅಂಟಿದ ನೀತಿ. ಹಾಗಾಗಿ ಅದು ಸಾಕು ಎನ್ನುವ ಧೈರ್ಯ ಯಾವ ಅಧಿಕಾರಿಗೂ ಬರಲಿಲ್ಲ. 2022ರಲ್ಲಿ ಸುಮಾರು 2.5 ಕೋಟಿ ಜನರ ಶಾಂಘೈ ಎರಡು ತಿಂಗಳು ಮನೆಯೊಳಗೆ ಬಂದಿ. ತರಕಾರಿಗೂ ಪರದಾಟ. ಆ ನವೆಂಬರ್‌ನಲ್ಲಿ ಷಿನ್‌ಜಿಯಾಂಗ್‌ನ ಉರುಮ್ಚಿ ನಗರದ ಒಂದು ಅಪಾರ್ಟ್‌ಮೆಂಟ್‌ಗೆ ಬೆಂಕಿ ಬಿದ್ದು ಹತ್ತು ಜನ ಸತ್ತರು. ಲಾಕ್‌ಡೌನ್ ಕಾರಣಕ್ಕೇ ಅವರು ಹೊರಗೆ ಬರಲಾಗಲಿಲ್ಲ ಎಂದು ಜನ ಸಿಟ್ಟಾದರು. ಹಲವು ನಗರಗಳಲ್ಲಿ ಹುಡುಗ ಹುಡುಗಿಯರು ಬಿಳಿ ಹಾಳೆ ಹಿಡಿದು ಬೀದಿಗೆ ಬಂದರು. ಏನೂ ಬರೆಯದ ಹಾಳೆ. ಬರೆಯಬೇಕಾದದ್ದು ಎಲ್ಲರಿಗೂ ಗೊತ್ತಿತ್ತು. ಡಿಸೆಂಬರ್ ಮೊದಲ ವಾರ ಸರ್ಕಾರ ನಿರ್ಬಂಧಗಳನ್ನು ದಿಢೀರ್ ಎಂದು ಕೈಬಿಟ್ಟಿತು. ಮೂರು ವರ್ಷ ಕಾದಿದ್ದ ದೇಶ ಕೊನೆಗೆ ಆಸ್ಪತ್ರೆಗಳನ್ನು ಸಿದ್ಧ ಮಾಡಿಕೊಳ್ಳುವಷ್ಟೂ ಸಮಯ ಇಲ್ಲದೆ ಸೋಂಕಿಗೆ ಬಾಗಿಲು ತೆರೆಯಿತು.

ಸುದ್ದಿ ಮೇಲಕ್ಕೆ ಹೋಗುವ ದಾರಿಯೂ ಕಿರಿದಾಗುತ್ತಿದೆ. 2023ರ ಜೂನ್‌ನಲ್ಲಿ ನಗರದ ಯುವಕರ ನಿರುದ್ಯೋಗ ಶೇ 21.3ಕ್ಕೆ ಏರಿತು. ಆಗಸ್ಟ್‌ನಲ್ಲಿ ಆ ಅಂಕಿ ಪ್ರಕಟಿಸುವುದನ್ನೇ ನಿಲ್ಲಿಸಿದರು. ಕೆಲವು ತಿಂಗಳ ನಂತರ, ಎಣಿಸುವ ಕ್ರಮ ಬದಲಿಸಿ, ಮತ್ತೆ ಶುರು ಮಾಡಿದರು.

ಇನ್ನೊಂದು ಸಂಗತಿ ನನಗೆ ಹೆಚ್ಚು ಯೋಚನೆಗೆ ಹಚ್ಚುತ್ತದೆ. ಈಗ ಬೀಳುತ್ತಿರುವವರು ಷಿ ವಿರೋಧಿಗಳಲ್ಲ, ಅವರೇ ಆರಿಸಿಕೊಂಡವರು. ವಿದೇಶಾಂಗ ಸಚಿವ ಚಿನ್ ಗಾಂಗ್ 2023ರಲ್ಲಿ ಏಳೇ ತಿಂಗಳಿಗೆ ಹೋದರು. ಅದೇ ವರ್ಷ ರಕ್ಷಣಾ ಸಚಿವ ಲಿ ಶಾಂಗ್‌ಫು. 2025ರ ಅಕ್ಟೋಬರ್‌ನಲ್ಲಿ ಸೇನಾ ಆಯೋಗದ ಉಪಾಧ್ಯಕ್ಷ ಹೆ ವೈಡೊಂಗ್ ಅವರನ್ನು ಪಕ್ಷದಿಂದಲೇ ಹೊರಹಾಕಿದರು. ಹೆ ಅವರನ್ನು ಬೇರೆ ಯಾವ ಬಣವೂ ತಂದು ಕೂರಿಸಿರಲಿಲ್ಲ. ಇಷ್ಟು ವರ್ಷ ಶೋಧಿಸಿದ ಮೇಲೂ ನಂಬಿಕಸ್ಥರು ಸಿಗುತ್ತಿಲ್ಲ ಅಂದರೆ ಸಂಶಯಕ್ಕೆ ಕೊನೆ ಎಲ್ಲಿ?

2027ರಲ್ಲಿ ಮುಂದಿನ ಮಹಾಧಿವೇಶನ. ಆಗ ಷಿ ಅವರಿಗೆ 74 ವರ್ಷ. ಹಳೆಯ ರೂಢಿಯಂತೆ ಆಗಿದ್ದರೆ, ಮುಂದೆ ಬರುವವರು ಅಷ್ಟು ಹೊತ್ತಿಗೆ ಸ್ಥಾಯಿ ಸಮಿತಿಯಲ್ಲಿ ಕೂತು ಐದು ವರ್ಷ ಆಗುತ್ತಿತ್ತು. ಈಗಿರುವ ಏಳು ಜನರಲ್ಲಿ ಅತಿ ಕಿರಿಯರಾದ ಡಿಂಗ್ ಷುಷಿಯಾಂಗ್ 1962ರಲ್ಲಿ ಹುಟ್ಟಿದವರು. ಅವರು ಒಂದು ಪ್ರಾಂತ್ಯವನ್ನೂ ನಡೆಸಿದವರಲ್ಲ. ಉತ್ತರಾಧಿಕಾರಿಯನ್ನು ಹೆಸರಿಸಿದರೆ ಆ ಕ್ಷಣದಿಂದಲೇ ಜನ ಅವರ ಮನೆಬಾಗಿಲಿಗೆ ಹೋಗುತ್ತಾರೆ. ಹೆಸರಿಸದಿದ್ದರೆ, ಅಕಸ್ಮಾತ್ ಏನಾದರೂ ಆದ ದಿನ ಮೂರು ಕುರ್ಚಿಗಳೂ ಒಟ್ಟಿಗೇ ಖಾಲಿಯಾಗುತ್ತವೆ. ಆ ದಿನ ಯಾರು ಎಲ್ಲಿ ಕೂರಬೇಕು ಎಂದು ಹೇಳಲು ಡೆಂಗ್ ಅಂಥ ಹಿರಿಯರೂ ಉಳಿದಿಲ್ಲ, ಎಲ್ಲರೂ ಒಪ್ಪಿದ ರೂಢಿಯೂ ಉಳಿದಿಲ್ಲ.